ಕಡಲು ಎಲ್ಲರದ್ದು, ಕಡಲಿನ ದಾರಿ ಮಾತ್ರ ಕಾರಿನದ್ದಾ?

1/8

ಫೋಟೋದಲ್ಲಿ ಕಾಣುದು ನನ್ನ ಅಜ್ಜಿಯ ಕೈ. ಆರು ಗಾಜಿನ ಬಳೆ ಇತ್ತು, ಈಗ ನಾಲ್ಕು ಉಂಟು. ಉಳಿದ ಎರಡು ಎಲ್ಲಿ ಹೋಯ್ತು ಅಂತ ಹೇಳ್ಲಿಕ್ಕೇ ಈ ಸರಣಿ. ಉದ್ದ ಉಂಟು ಮಾರಾಯ್ರೆ, ಒಂದು ಕ್ಯಾಪ್ಶನಿನಲ್ಲಿ ಹಿಡಿಯುದಿಲ್ಲ. ಎಂಟು ಪೋಸ್ಟ್. ಓದುವವರು ಓದಿ, ಲೈಕ್ ಒತ್ತಿ ಓಡುವವರು ಕೊನೆಯದ್ದನ್ನಾದರೂ ಓದಿ.

ಅಜ್ಜಿ ಪುತ್ತೂರು ಕಡೆಯವರು. ತೋಟ, ದನ, ಅಡಿಕೆ ಸುಲಿಯುದು, ಇಷ್ಟರಲ್ಲೇ ಆಯುಷ್ಯ ಕಳೆದವರು. ಮಂಗಳೂರಿಗೆ ಬಂದಾಗ ಒಂದೇ ಆಸೆ, ಕಡಲು ನೋಡ್ಬೇಕು. ಒಂದು ಆದಿತ್ಯವಾರ ಸಂಜೆ ನಾನು ಕರ್ಕೊಂಡು ಹೋದೆ. ಬಸ್ಸಿನಿಂದ ಹೈವೇಯಲ್ಲಿ ಇಳಿದು ಬೀಚಿಗೆ ನಡೆಯುವ ದಾರಿ. ಯಾವ ಬೀಚ್ ಅಂತ ಹೇಳುದಿಲ್ಲ, ಯಾಕಂದ್ರೆ ಆದಿತ್ಯವಾರ ಎಲ್ಲಾ ಕಡೆ ಇದೇ ಕಥೆ. ಎರಡೂ ಬದಿಯಲ್ಲಿ ಸಾಲಾಗಿ ಕಾರು ನಿಂತಿತ್ತು. ನಡುವಿನಲ್ಲಿ ಹೋಗುವ ಕಾರು, ಬರುವ ಕಾರು. ಇವೆರಡರ ಸಂದಿನಲ್ಲಿ ನಾವು.

ಹಿಂದಿನಿಂದ ಬಂದ ಒಂದು ಕಾರಿನ ಕನ್ನಡಿ ಅಜ್ಜಿಯ ಕೈಗೆ ತಾಗಿತು. ಬಳೆ ಒಡೆಯಿತು, ಸ್ವಲ್ಪ ರಕ್ತ ಬಂತು. ಗಾಡಿ ನಿಂತಿತು, ಗ್ಲಾಸ್ ಇಳಿಯಿತು, ಒಳಗಿಂದ ಒಂದು ಮಾತು ಬಂತು: "ಅಜ್ಜಿ, ಸೈಡಲ್ಲಿ ನಡೀರಿ."

ಸೈಡ್ ಎಲ್ಲಿ ಉಂಟು? ಸೈಡಲ್ಲಿ ಇನ್ನೊಂದು ಕಾರು ನಿಂತಿತ್ತು.

ನಾವು ಅಲ್ಲಿಂದಲೇ ವಾಪಸ್ ಬಂದೆವು. ಬಸ್ ಸ್ಟಾಪಿನಲ್ಲಿ ಅಜ್ಜಿ ನನ್ನನ್ನೇ ಸಮಾಧಾನ ಮಾಡಿದ್ರು: "ಕಡಲಿನ ಶಬ್ದ ಕೇಳಿತಲ್ಲ ಮಗಾ, ಸಾಕು."

ನನಗೆ ಸಾಕಾಗಲಿಲ್ಲ. ಹಾಗಾಗಿ ಇದನ್ನು ಬರೀತಾ ಇದ್ದೇನೆ. ಕಡಲಿಗೆ ಹೋಗುವ ರಸ್ತೆಯಲ್ಲಿ ಕಾರಿಗೆ ಕೊಟ್ಟ ಜಾಗದಲ್ಲಿ ಒಂದು ಪಾಲನ್ನು ವಾಪಸ್ ತಗೊಂಡು ನಡೆಯುವವರಿಗೆ, ಸೈಕಲಿಗೆ, ಬಸ್ಸಿಗೆ ಕೊಡಬೇಕು ಅಂತ ನನ್ನ ವಾದ. ಸಿಟ್ಟು ಬಂದವರು ಈಗಲೇ ಕಮೆಂಟ್ ಮಾಡ್ಬೇಡಿ. ನಿಮ್ಮ ಪ್ರಶ್ನೆಗಳಿಗೆ ಆರನೇ ಪೋಸ್ಟಿನಲ್ಲಿ ಉತ್ತರ ಉಂಟು.

2/8

ಫೋಟೋ: ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದ ಒಂದು ಆಯತ. 5 ಮೀಟರ್ ಉದ್ದ, 2.5 ಮೀಟರ್ ಅಗಲ. ಒಂದು ಕಾರು ಸುಮ್ಮನೆ ನಿಲ್ಲಿಕ್ಕೆ ಬೇಕಾದ ಜಾಗ ಇದು. ಸುಮಾರು 135 ಚದರ ಅಡಿ. ನನ್ನ ಗೆಳತಿಯ ಪಿಜಿ ರೂಮ್ ಇದಕ್ಕಿಂತ ಸಣ್ಣದು, ಅದರಲ್ಲಿ ಇಬ್ಬರು ಇದ್ದಾರೆ, ತಿಂಗಳಿಗೆ ಬಾಡಿಗೆ ಬೇರೆ. ಕಾರಿಗೆ ರಸ್ತೆ ಬದಿಯಲ್ಲಿ ಅಷ್ಟೇ ಜಾಗ ಎಷ್ಟೋ ಕಡೆ ಫ್ರೀ.

ನಾವು ಬಿಕಾಂನವರು. ಆಪರ್ಚ್ಯುನಿಟಿ ಕಾಸ್ಟ್ ಅಂತ ಓದಿದ್ದೇವಲ್ಲ, ಪರೀಕ್ಷೆಗೆ ಮಾತ್ರ ಓದಿದ್ದಾ? ಒಂದು ವಸ್ತುವನ್ನು ಒಂದು ಕೆಲಸಕ್ಕೆ ಬಳಸಿದರೆ, ಅದರಿಂದ ಆಗಬಹುದಾಗಿದ್ದ ಇನ್ನೊಂದು ಕೆಲಸ ತಪ್ಪಿಹೋಗ್ತದೆ. ಆ ತಪ್ಪಿದ್ದೇ ನಿಜವಾದ ಖರ್ಚು. ರಸ್ತೆಯೂ ಹಾಗೇ. ಕಾರು ನಿಂತ ಜಾಗದಲ್ಲಿ ಫುಟ್‌ಪಾತ್ ಇರಬಹುದಿತ್ತು, ಬಸ್ ಹೋಗಬಹುದಿತ್ತು, ಚರ್ಮುರಿ ಮಾರುವವರು ನಿಲ್ಲಬಹುದಿತ್ತು, ನನ್ನ ಅಜ್ಜಿ ನಡೆಯಬಹುದಿತ್ತು.

ಈಗ ಚಲಿಸುವ ಲೇನಿನ ಲೆಕ್ಕ. ಒಂದು ಬಸ್ಸಿನಲ್ಲಿ 50 ಜನ ಅಂತ ಇಟ್ಟುಕೊಳ್ಳಿ. (ಕಾಲೇಜು ಬಿಡುವ ಹೊತ್ತಿಗೆ 50 ಅಂದ್ರೆ ಖಾಲಿ ಬಸ್ಸು, ಅದು ಬೇರೆ ವಿಷಯ.) ಅದೇ 50 ಜನ ಕಾರಿಗೆ ಇಬ್ಬರಂತೆ ಹೋದರೆ 25 ಕಾರು ಬೇಕು. ಬಂಪರಿಗೆ ಬಂಪರ್ ತಾಗಿಸಿ ನಿಲ್ಲಿಸಿದರೂ 100 ಮೀಟರಿಗಿಂತ ಉದ್ದದ ಸಾಲು. ಬಸ್ಸಿನ ಉದ್ದ 10-12 ಮೀಟರ್.

ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೋ ಇದನ್ನೇ ಅಂಕಿಯಲ್ಲಿ ಹೇಳಿದೆ. ಸುಮಾರು 3 ಮೀಟರ್ ಅಗಲದ ಒಂದು ಲೇನ್ ಕಾರಿಗೆ ಕೊಟ್ಟರೆ ಗಂಟೆಗೆ 600ರಿಂದ 1,600 ಜನ ಸಾಗಬಹುದು. ಬಸ್ಸಿಗೆ ಮಾತ್ರ ಮೀಸಲಿಟ್ಟರೆ 4,000ದಿಂದ 8,000. ಬರೀ ಫುಟ್‌ಪಾತ್ ಮಾಡಿದರೂ 9,000ದವರೆಗೆ.

ಅಂದ್ರೆ "ಕಾರಿನ ಲೇನ್ ತೆಗೆದರೆ ರಸ್ತೆ ಸಣ್ಣದಾಗ್ತದೆ" ಅನ್ನುದು ತಪ್ಪು ಲೆಕ್ಕ. ಡಾಮರಿನ ಅಗಲ ಅಷ್ಟೇ ಇರ್ತದೆ. ಅದರ ಮೇಲೆ ಹೋಗುವ ಜನ ಹೆಚ್ಚಾಗ್ತಾರೆ. ಗಾಡಿ ಎಣಿಸುದು ಬಿಟ್ಟು ತಲೆ ಎಣಿಸಿ ಅಂತ ನಾನೊಬ್ಬಳೇ ಹೇಳುದಲ್ಲ. ನಮ್ಮ ದೇಶದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ. ನಾನಾಗ ಮಗು.

3/8

ಫೋಟೋ: ಅಪ್ಪನ ಖಾಕಿ ಶರ್ಟು, ಒಣಗಲಿಕ್ಕೆ ಹಾಕಿದ್ದು. ಅಪ್ಪ ಸಿಟಿ ಬಸ್ ಡ್ರೈವರ್. ಖಾಸಗಿ ಬಸ್ಸು.

ನಮ್ಮ ಕ್ಲಾಸಿನಲ್ಲೇ ನಾನು ಕೇಳಿದ್ದೇನೆ: "ಈ ಲೈನ್ ಬಸ್ಸಿನವರಿಗೆ ಭಯಂಕರ ಸೊಕ್ಕು ಮಾರಾಯ್ತಿ, ಎಂತ ಓಡಿಸುದು ಅದು!" ನಾನು ಎದುರು ಮಾತಾಡುದಿಲ್ಲ, ಯಾಕಂದ್ರೆ ಅರ್ಧ ನಿಜ. ಇನ್ನರ್ಧ ನಿಮಗೆ ಗೊತ್ತಿಲ್ಲ. ನಮ್ಮ ಊರಿನ ಬಸ್ಸುಗಳು ನಿಮಿಷದ ಲೆಕ್ಕದಲ್ಲಿ ಓಡುದು. ಮುಂದೆ ಒಂದು ಬಸ್ಸು, ಹಿಂದೆ ಒಂದು ಬಸ್ಸು, ಪ್ರತಿಯೊಂದಕ್ಕೂ ಟೈಮಿಂಗ್. ಸ್ಟಾಪಿನಲ್ಲೇ ಒಂದು ಕಾರು ಇಂಡಿಕೇಟರ್ ಹಾಕಿ ನಿಂತರೆ, "ಎರಡೇ ನಿಮಿಷ, ಔಷಧಿ ತರ್ಲಿಕ್ಕೆ" ಅಂತ ಇಳಿದು ಹೋದರೆ, ಆ ಎರಡು ನಿಮಿಷವನ್ನು ಅಪ್ಪ ಎಲ್ಲಿಯಾದರೂ ಹಿಡೀಬೇಕು. ಎಲ್ಲಿ ಹಿಡಿಯುದು? ಮುಂದಿನ ಇಳಿಜಾರಿನಲ್ಲಿ. ಮುಂದಿನ ಸ್ಟಾಪಿನಲ್ಲಿ ನೀವು ಒಂದು ಕಾಲು ಇಡುವ ಮೊದಲೇ ವಿಸಿಲ್ ಆಗುದು ಅದಕ್ಕೇ. ಕಾರಿನವರ ಎರಡು ನಿಮಿಷದ ಬಿಲ್ಲು ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರ ಮೇಲೆ ಬೀಳ್ತದೆ.

ಇದಕ್ಕೆ ಬಸ್ಸಿನವರ ತಪ್ಪಿಲ್ಲ ಅಂತ ನಾನು ಹೇಳುದಿಲ್ಲ. ಬಸ್ಸಿಗೆ ಅದರದ್ದೇ ದಾರಿ ಕೊಟ್ಟು ನೋಡಿ, ಆಮೇಲೂ ಹಾಗೇ ಓಡಿಸಿದರೆ ಫೈನ್ ಹಾಕಿ. ನಾನೇ ವಿಡಿಯೋ ಮಾಡಿ ಕಳಿಸ್ತೇನೆ, ಅಪ್ಪನದ್ದಾದರೂ.

ಇನ್ನೊಂದು ವಿಷಯ, ಹುಡುಗಿಯರಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಬೆಂಗಳೂರಿನಲ್ಲಿ ಓದುವ ನನ್ನ ಕಸಿನ್ ಕಾಲೇಜಿಗೆ ಫ್ರೀ ಹೋಗ್ತಾಳೆ. ಇಲ್ಲಿ ಸಿಟಿ ಬಸ್ ಹೆಚ್ಚಿನದ್ದು ಖಾಸಗಿ, ಹಾಗಾಗಿ ನಾವು ಟಿಕೆಟ್ ತೆಗೀತೇವೆ. ಟಿಕೆಟ್‌ಗೂ ದುಡ್ಡು ಕೊಡ್ಬೇಕು, ಕಾರಿನ ಹಿಂದೆ ಕಾಯ್ಲಿಕ್ಕೂ ಬೇಕು. ದಾರಿಯನ್ನಾದರೂ ಫ್ರೀ ಮಾಡಿ ಕೊಡಿ ಅಂತ ಕೇಳಿದರೆ ತಪ್ಪಾ?

ಬಸ್ ಲೇನ್ ನಮ್ಮ ರಾಜ್ಯಕ್ಕೆ ಹೊಸತೇನಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಚಿಗರಿ ಬಸ್ಸಿಗೇ ಬೇರೆ ದಾರಿ ಉಂಟು, 2018ರಿಂದ ಓಡ್ತಾ ಇದೆ. ಅಲ್ಲಿ ಅದರ ಮೇಲೆ ಸಿಟ್ಟೂ ಉಂಟು. ಉಳಿದ ಗಾಡಿಗೆ ಜಾಗ ಸಾಲುದಿಲ್ಲ, ಬಸ್ಸು ಹಳತಾಯಿತು ಅಂತ. ಆ ಸಿಟ್ಟಿನಿಂದ ನಾವು ಕಲಿಯಬೇಕಾದದ್ದು ಒಂದು: ಲೇನ್ ಮಾಡಿ ಬಿಟ್ಟರೆ ಆಗುದಿಲ್ಲ, ಒಳ್ಳೆ ಬಸ್ಸನ್ನೂ ಸಮಯಕ್ಕೆ ಸರಿಯಾಗಿ ಓಡಿಸ್ಬೇಕು.

4/8

ಫೋಟೋ: ಸುಲ್ತಾನ್ ಬತ್ತೇರಿಯ ಫೆರಿ. ಇದು ನನ್ನ ಫೇವರಿಟ್. ಬೋಟಿಗೆ ಹತ್ತಿ ಹೊಳೆ ದಾಟಿ ತಣ್ಣೀರುಬಾವಿ ಕಡೆ ಇಳಿದರೆ ನಡ್ಕೊಂಡೇ ಕಡಲು. ಕಾರಿಲ್ಲದೆ ಬೀಚಿಗೆ ಹೋಗುವ ದಾರಿ ನಮ್ಮ ಊರಿನಲ್ಲೇ ಉಂಟು, ಅದಕ್ಕೆ ನಾವು ಬೆಲೆ ಕೊಡುದಿಲ್ಲ ಅಷ್ಟೇ.

"ಇದೆಲ್ಲ ಫಾರಿನ್ನಿನಲ್ಲಿ ಆಗ್ತದೆ, ಇಂಡಿಯಾದಲ್ಲಿ ಎಲ್ಲಿ?" ಅನ್ನುವವರು ಪುದುಚೇರಿಗೆ ಹೋಗಿ ನೋಡಿ. ಹೇಗೂ ಟ್ರಿಪ್ ಪ್ಲಾನ್ ಮಾಡ್ತಾ ಇರ್ತೀರಿ. ಅಲ್ಲಿಯ ಬೀಚ್ ರೋಡ್, ಅಂದ್ರೆ ಗೂಬೆರ್ ಅವೆನ್ಯೂ, ಪ್ರತಿದಿನ ಸಂಜೆ ಆದ ಕೂಡಲೇ ಗಾಡಿಗಳಿಗೆ ಬಂದ್. ಬೆಳಿಗ್ಗೆಯವರೆಗೆ ರಸ್ತೆ ಪೂರ್ತಿ ಜನರದ್ದು. ಮಕ್ಕಳು ಓಡ್ತಾರೆ, ಅಜ್ಜಂದಿರು ಕೈ ಹಿಂದೆ ಕಟ್ಟಿಕೊಂಡು ನಡೀತಾರೆ. ಅದಕ್ಕೆ ಫ್ಲೈಓವರ್ ಬೇಕಾಗಲಿಲ್ಲ. ಬ್ಯಾರಿಕೇಡ್ ಇಟ್ಟರು, ಒಂದು ಸಮಯ ಗೊತ್ತು ಮಾಡಿದರು, ಅಷ್ಟೇ.

ಬ್ರೆಜಿಲಿನ ರಿಯೋ ನಗರದಲ್ಲಿ ಕೋಪಕಬಾನಾ ಬೀಚಿನ ಪಕ್ಕ ಅಟ್ಲಾಂಟಿಕಾ ಅಂತ ದೊಡ್ಡ ರಸ್ತೆ ಉಂಟು. ಅದರ ಕಡಲಿನ ಬದಿಯ ಲೇನುಗಳು ಆದಿತ್ಯವಾರ ಮತ್ತು ರಜಾದಿನ ಕಾರಿಗೆ ಇಲ್ಲ. ನಡೆಯುವವರಿಗೆ, ಸೈಕಲಿನವರಿಗೆ ಮಾತ್ರ. ಇನ್ನೊಂದು ಬದಿಯಲ್ಲಿ ಗಾಡಿ ಹೋಗ್ತದೆ. ರಿಯೋ ಸಣ್ಣ ಊರಲ್ಲ, ಅಲ್ಲಿ ನಮ್ಮಲ್ಲಿಗಿಂತ ಎಷ್ಟೋ ಪಾಲು ಕಾರು ಉಂಟು.

ಎರಡೂ ಕಡೆ ಗಮನಿಸಿ. ವಾರವಿಡೀ ಹಗಲು-ರಾತ್ರಿ ಬಂದ್ ಮಾಡಿಲ್ಲ. ಜನ ಹೆಚ್ಚು ಬರುವ ಹೊತ್ತಿಗೆ ಜಾಗವನ್ನು ಜನರಿಗೆ ಬಿಟ್ಟಿದ್ದಾರೆ. ನಮ್ಮಲ್ಲಿ ಉಲ್ಟಾ. ಬೀಚಿಗೆ ಜನ ಹೆಚ್ಚು ಬರುವ ಹೊತ್ತಿಗೇ ಜನರಿಗೆ ಜಾಗ ಕಡಿಮೆ, ಯಾಕಂದ್ರೆ ಅದೇ ಹೊತ್ತಿಗೆ ಕಾರೂ ಹೆಚ್ಚು.

5/8

ಈಗ ಕಷ್ಟದ ಉದಾಹರಣೆ. ಗೆದ್ದ ಕಥೆ ಮಾತ್ರ ಹೇಳಿದರೆ ಅದು ಜಾಹೀರಾತು ಆಗ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೆಸಿಫಿಕ್ ಸಮುದ್ರದ ಅಂಚಿನಲ್ಲೇ ಗ್ರೇಟ್ ಹೈವೇ ಅಂತ ನಾಲ್ಕು ಲೇನಿನ ರಸ್ತೆ. ಅದರ ಸುಮಾರು 3.2 ಕಿಲೋಮೀಟರ್ ಭಾಗವನ್ನು 2020ರ ಏಪ್ರಿಲಿನಲ್ಲಿ, ಕೋವಿಡ್ ಸಮಯದಲ್ಲಿ, ಕಾರಿಗೆ ಮುಚ್ಚಿದರು. ಜನ ನಡೀಲಿಕ್ಕೆ ಬಂದರು. 2021ರ ಆಗಸ್ಟಿನಿಂದ ವಾರದ ದಿನ ಕಾರಿಗೆ, ವಾರಾಂತ್ಯ ಜನರಿಗೆ ಅಂತ ಹಂಚಿದರು. 2024ರ ನವೆಂಬರಿನಲ್ಲಿ ಇಡೀ ನಗರ ವೋಟ್ ಹಾಕಿತು, ಅರ್ಧಕ್ಕಿಂತ ಹೆಚ್ಚು ಜನ "ಪೂರ್ತಿ ಪಾರ್ಕ್ ಮಾಡಿ" ಅಂದರು. 2025ರ ಏಪ್ರಿಲ್ 12ಕ್ಕೆ ಸನ್‌ಸೆಟ್ ಡ್ಯೂನ್ಸ್ ಅಂತ ಪಾರ್ಕ್ ತೆರೆಯಿತು.

ಆದರೆ ಆ ರಸ್ತೆಯ ಹತ್ತಿರದ ಬಡಾವಣೆಗಳಲ್ಲಿ ಹೆಚ್ಚಿನವರು ವಿರೋಧ ಇದ್ದರು. "ನಮ್ಮ ದಿನದ ಓಡಾಟ ಹಾಳಾಯ್ತು, ಗಾಡಿ ಎಲ್ಲ ನಮ್ಮ ಮನೆ ಮುಂದೆ ಬರ್ತದೆ" ಅಂತ. ಪಾರ್ಕಿನ ಪರ ನಿಂತ ಅಲ್ಲಿಯ ಜನಪ್ರತಿನಿಧಿ ಜೋಯಲ್ ಎಂಗಾರ್ಡಿಯೋ ಅವರನ್ನು 2025ರ ಸೆಪ್ಟೆಂಬರಿನಲ್ಲಿ ಮತದಾರರು ವೋಟ್ ಹಾಕಿಯೇ ಕೆಳಗಿಳಿಸಿದರು. ಸೀಟೇ ಹೋಯ್ತು.

ಇದರಿಂದ ನಮ್ಮ ರಾಜಕಾರಣಿಗಳು ಕಲಿಯುವ ಪಾಠ "ಕಾರಿನ ತಂಟೆಗೆ ಹೋಗ್ಬೇಡ" ಅಂತ ಇರಬಹುದು. ನಾನು ಬೇರೆ ಪಾಠ ಕಲಿತೆ. ಪಕ್ಕದಲ್ಲಿ ಇರುವವರ ಮಾತನ್ನು ಮೊದಲು ಕೇಳಬೇಕು. ದೂರದವರ ಗಮ್ಮತ್ತಿಗೆ ಹತ್ತಿರದವರು ಬಂಗ ಪಡುವಂತೆ ಆಗಬಾರದು. ನಮ್ಮಲ್ಲಿ ಹತ್ತಿರದವರು ಅಂದ್ರೆ ಯಾರು? ತಣ್ಣೀರುಬಾವಿ, ಬೆಂಗ್ರೆಯ ಮೀನುಗಾರರ ಮನೆಗಳು. ಆದಿತ್ಯವಾರದ ಜಾಮಿನಲ್ಲಿ ಅವರ ಮನೆಗೆ ಆಂಬ್ಯುಲೆನ್ಸ್ ಬರಬೇಕಾದರೆ ಯಾರ ಕಾರು ಅಡ್ಡ ಇರ್ತದೆ ಅಂತ ಯೋಚನೆ ಮಾಡಿ. ಅವರದ್ದಲ್ಲ, ನಮ್ಮದು.

ಅದೇ ಊರಿನ ಇನ್ನೊಂದು ಹಳೆ ಕಥೆಯೂ ಉಂಟು. ಬಂದರಿನ ಅಂಚಿನಲ್ಲಿ ಎಂಬಾರ್ಕಡೆರೋ ಅಂತ ಎರಡು ಅಂತಸ್ತಿನ ಫ್ರೀವೇ ಇತ್ತು. 1989ರ ಭೂಕಂಪದಲ್ಲಿ ಹಾನಿಯಾಯ್ತು, 1991ರಲ್ಲಿ ಕೆಡವಿದರು. ಈಗ ಅಲ್ಲಿ ಜನ ನಡೀತಾರೆ, ಟ್ರಾಮ್ ಓಡ್ತದೆ. ಫ್ರೀವೇ ವಾಪಸ್ ಕಟ್ಟಿ ಅಂತ ಇವತ್ತು ಯಾರೂ ಬೊಬ್ಬೆ ಹೊಡೆಯುದಿಲ್ಲ.

6/8

ಡಿಎಂನಲ್ಲಿ ಬಂದ ಪ್ರಶ್ನೆಗಳು. ಹೆಸರು ಹಾಕುದಿಲ್ಲ, ಹೆದರ್ಬೇಡಿ.

"ನಿನಗೆ ಕಾರಿಲ್ಲ, ಅದಕ್ಕೆ ಹೊಟ್ಟೆಕಿಚ್ಚು." ಹೌದು, ಕಾರಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 100 ಮನೆಗಳಲ್ಲಿ ಕಾರಿರುದು ಸುಮಾರು 8ರಲ್ಲಿ. ಉಳಿದ 92 ಮನೆಯವರಿಗೆ ಒಟ್ಟಿಗೇ ಹೊಟ್ಟೆಕಿಚ್ಚಾ?

"ಮಳೆಗಾಲದಲ್ಲಿ ಸೈಕಲ್ ಯಾರು ಹೊಡೀತಾರೆ? ನಮ್ಮ ಊರು ಪೂರ್ತಿ ಗುಡ್ಡೆ." ಸರಿಯಾದ ಪ್ರಶ್ನೆ. ಕದ್ರಿ ಗುಡ್ಡೆಗೆ ಸೈಕಲ್ ಹೊಡೀರಿ ಅಂತ ನಾನು ಹೇಳುದಿಲ್ಲ, ನನಗೂ ಆಗುದಿಲ್ಲ. ಆದರೆ ಕಡಲಿನ ಅಂಚು ಗುಡ್ಡೆಯಲ್ಲ, ಅಲ್ಲಿ ಚಪ್ಪಟೆ. ಮತ್ತೆ ಮಳೆ ಬಂದರೆ ಬಸ್ಸಿಗೆ ಏನೂ ಆಗುದಿಲ್ಲ. ಅದಕ್ಕೇ ನಾನು ಸೈಕಲಿಗಿಂತ ಜಾಸ್ತಿ ಬಸ್ಸಿನ ವಿಷಯ ಹೇಳಿದ್ದು.

"ಕಾರು ಬರದಿದ್ದರೆ ಅಂಗಡಿಯವರಿಗೆ ವ್ಯಾಪಾರ ಇಲ್ಲ." ಚರ್ಮುರಿ ತಿನ್ನುದು ಕಾರಾ, ಮನುಷ್ಯರಾ? ಒಂದು ಕಾರು ಮೂರು ಗಂಟೆ ನಿಂತರೆ ಆ 135 ಚದರ ಅಡಿಯಿಂದ ಸಿಗುದು ಒಂದು ಕುಟುಂಬದ ವ್ಯಾಪಾರ. ಅದೇ ಜಾಗದಲ್ಲಿ ಎರಡು ಗಾಡಿ ಅಂಗಡಿ ಇಟ್ಟರೆ? ಲೆಕ್ಕ ನೀವೇ ಮಾಡಿ, ಕಾಸ್ಟ್ ಅಕೌಂಟಿಂಗಿನಲ್ಲಿ ನನಗಿಂತ ನೀವು ಹುಷಾರು. ಬೀದಿ ಬದಿ ವ್ಯಾಪಾರಿಗಳಿಗೆ 2014ರಿಂದ ಕಾನೂನಿನ ರಕ್ಷಣೆಯೂ ಉಂಟು. ಹಾಗಾಗಿ ಫುಟ್‌ಪಾತ್ ಮಾಡುವಾಗ ಅವರನ್ನು ಓಡಿಸದೆ ಅವರಿಗೂ ಜಾಗ ಗುರುತು ಮಾಡ್ಬೇಕು.

"ನಡೆಯಲಿಕ್ಕೆ ಆಗದವರು ಎಂತ ಮಾಡುದು?" ಇದು ಒಳ್ಳೆ ಪ್ರಶ್ನೆ. ಅಂಗವಿಕಲರ ಗಾಡಿ, ಅಲ್ಲಿಯ ನಿವಾಸಿಗಳ ಗಾಡಿ, ಆಂಬ್ಯುಲೆನ್ಸ್, ಮೀನಿನ ಟೆಂಪೋ, ಇವಕ್ಕೆಲ್ಲ ಬಿಡ್ಬೇಕು. ಅವು ಎಣಿಸಿದರೆ ಸ್ವಲ್ಪವೇ. ನಿಜ ಹೇಳ್ಬೇಕಾದರೆ ಈಗ ಅವರಿಗೆ ಅಡ್ಡ ಆಗಿರುದೇ ಉಳಿದ ಕಾರುಗಳು. ವೀಲ್‌ಚೇರಿನವರು ಇವತ್ತು ಆ ದಾರಿಯಲ್ಲಿ ಹೋಗಿ ತೋರಿಸಲಿ.

"ರಸ್ತೆಯನ್ನೇ ಅಗಲ ಮಾಡಿದರೆ ಆಯ್ತಲ್ಲ?" ಪಶ್ಚಿಮಕ್ಕೆ ಕಡಲು. ಎಲ್ಲಿಗೆ ಅಗಲ ಮಾಡುದು? ಉಳ್ಳಾಲ, ಬಟ್ಟಪಾಡಿ ಕಡೆ ಕಡಲ್ಕೊರೆತ ಎಂತ ಮಾಡ್ತದೆ ಅಂತ ಮಳೆಗಾಲದ ನ್ಯೂಸಿನಲ್ಲಿ ನೋಡ್ತೇವಲ್ಲ. ಅಲೆ ಬಂದು ತಿನ್ನುವ ಜಾಗದಲ್ಲಿ ಇನ್ನೂ ಡಾಮರು ಸುರಿಯುದು ಅಂದ್ರೆ ಸವಕಳಿ ಗ್ಯಾರಂಟಿ ಇರುವ ಆಸ್ತಿಗೆ ಬಂಡವಾಳ ಹಾಕಿದ ಹಾಗೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕ್ ಸಿಗುದಿಲ್ಲ. ಮತ್ತೆ ವರ್ಷಗಟ್ಟಲೆ ಟ್ರೋಲ್ ಮಾಡಿ, ಕಾದು, 2020ರ ಜನವರಿಯಲ್ಲಿ ಪಂಪ್‌ವೆಲ್ ಫ್ಲೈಓವರ್ ಸಿಕ್ಕಿತಲ್ಲ. ಊರಿನ ಜಾಮ್ ಹೋಯ್ತಾ?

7/8

ಈ ಪೋಸ್ಟಿಗೆ ಫೋಟೋ ಇಲ್ಲ. ಕಪ್ಪು ಚೌಕ ಮಾತ್ರ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನಡ್ಕೊಂಡು ಹೋಗ್ತಿದ್ದವರು 32,825. ದಿನಕ್ಕೆ ಸುಮಾರು 90. ನಮ್ಮ ಇಡೀ ಕ್ಲಾಸಿಗಿಂತ ಜಾಸ್ತಿ, ಪ್ರತಿದಿನ. ಅವರ ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ, ಅವರು ಓವರ್‌ಟೇಕ್ ಮಾಡಲಿಲ್ಲ. ನಡೆದರು ಅಷ್ಟೇ.

ದ್ವಿಚಕ್ರದಲ್ಲಿದ್ದವರು 74,897. ಅಂದ್ರೆ ನಾವು. ನಿಮ್ಮ ಸ್ಕೂಟಿ, ನನ್ನ ಗೆಳೆಯನ ಬೈಕ್. ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧ. ಹಾಗಾಗಿ "ಕಾರು ವರ್ಸಸ್ ನಡೆಯುವವರು" ಅಂತ ಜಗಳ ನೋಡ್ತಾ ಸ್ಕೂಟರಿನವರು ಬದಿಯಲ್ಲಿ ಕೂತ್ಕೊಳ್ಬೇಡಿ. ಒಳ್ಳೆ ಬಸ್ಸು, ಸರಿಯಾದ ಫುಟ್‌ಪಾತ್ ಇದ್ದರೆ ನಮ್ಮಲ್ಲಿ ಅರ್ಧ ಜನ ಮಳೆಗಾಲದಲ್ಲಿ ಗಾಡಿ ತೆಗೆಯುದೇ ಇಲ್ಲ. ಅಮ್ಮಂದಿರು ಗೇಟಿನ ಹತ್ತಿರ ನಿಂತು ಕಾಯುದೂ ತಪ್ಪುತ್ತದೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸರಿಯಾದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಒಳಗೇ ಬರ್ತದೆ. 21ನೇ ವಿಧಿ ಅಂದ್ರೆ ಬದುಕುವ ಹಕ್ಕು. ಹಾಗಾದರೆ ಫುಟ್‌ಪಾತ್ ಕೇಳುದು ಭಿಕ್ಷೆ ಅಲ್ಲ. "ಬಜೆಟ್ ಇದ್ದರೆ ನೋಡುವ" ಅನ್ನುವ ವಿಷಯವೂ ಅಲ್ಲ.

ನನ್ನ ಅಜ್ಜಿಗೆ ಪೆಟ್ಟಾದದ್ದು ಸ್ವಲ್ಪ. ಎರಡು ಬಳೆ, ಒಂದು ಗೆರೆ ಗಾಯ. ಕನ್ನಡಿಯ ಬದಲು ಬಂಪರ್ ತಾಗಿದ್ದರೆ ನಾನು ಈ ಸರಣಿ ಬರೀತಿರಲಿಲ್ಲ, ಶ್ರದ್ಧಾಂಜಲಿ ಪೋಸ್ಟ್ ಹಾಕ್ತಿದ್ದೆ. ನೀವೆಲ್ಲ ಕೈ ಮುಗಿಯುವ ಇಮೋಜಿ ಹಾಕ್ತಿದ್ರಿ. ನನಗೆ ಆ ಇಮೋಜಿ ಬೇಡ. ಈಗಲೇ, ಯಾರೂ ಸಾಯುವ ಮೊದಲೇ, ಜಾಗ ಬೇಕು.

8/8

ಕೊನೆಯದ್ದು. ಬೈದದ್ದು ಸಾಕು, ಕೇಳುದು ಎಂತ ಅಂತ ಹೇಳ್ತೇನೆ. ಮೂರೇ ವಿಷಯ.

ಒಂದು. ಆದಿತ್ಯವಾರ ಸಂಜೆ 4ರಿಂದ 8, ಒಂದೇ ಒಂದು ಬೀಚಿನ ರಸ್ತೆಯಲ್ಲಿ, ಮೂರು ತಿಂಗಳು ಟ್ರಯಲ್. ಕಾರು ಹೈವೇ ಬದಿಯಲ್ಲೇ ಗೊತ್ತು ಮಾಡಿದ ಜಾಗದಲ್ಲಿ ನಿಲ್ಲಲಿ, ಪಾರ್ಕಿಂಗಿಗೆ ದುಡ್ಡು ತಗೊಳ್ಳಲಿ, ಆ ದುಡ್ಡಿನಲ್ಲಿ ಅಲ್ಲಿಂದ ಬೀಚಿಗೆ ಬಸ್ ಓಡಿಸಲಿ. ಶುರು ಮಾಡುವ ಮೊದಲು ಅಲ್ಲಿಯ ಮನೆಯವರನ್ನು ಕೂರಿಸಿ ಕೇಳಲಿ. ಮೂರು ತಿಂಗಳ ನಂತರ ಸರಿ ಆಗದಿದ್ದರೆ ಬ್ಯಾರಿಕೇಡ್ ತೆಗೆದರೆ ಆಯ್ತು. ಫ್ಲೈಓವರ್ ಕಟ್ಟಿದ ಮೇಲೆ ಹಾಗೆ ತೆಗೀಲಿಕ್ಕೆ ಆಗುದಿಲ್ಲ.

ಎರಡು. ಹಂಪನಕಟ್ಟೆ ಕ್ಲಾಕ್ ಟವರಿನಿಂದ ಸ್ಟೇಟ್ ಬ್ಯಾಂಕಿನವರೆಗೆ ಬೆಳಿಗ್ಗೆ ಮತ್ತು ಸಂಜೆ, ಕಾಲೇಜು-ಆಫೀಸಿನ ಹೊತ್ತಿಗೆ, ಬಸ್ಸಿಗೆ ಒಂದು ಲೇನ್. ಸ್ಟಾಪಿನಲ್ಲಿ ನಿಂತ ಕಾರಿಗೆ ಫೈನ್, ಅದು ಯಾರ ಕಾರಾದರೂ.

ಮೂರು. ಬೀಚಿಗೆ ಇಳಿಯುವ ಪ್ರತಿ ಬಸ್ ಸ್ಟಾಪಿನಿಂದ ಮರಳಿನವರೆಗೆ ಒಂದು ಫುಟ್‌ಪಾತ್. ಒಬ್ಬ ಅಜ್ಜಿ, ಒಬ್ಬಳು ಮೊಮ್ಮಗಳು ಕೈ ಹಿಡ್ಕೊಂಡು ಪಕ್ಕಪಕ್ಕ ನಡೆಯುವಷ್ಟು ಅಗಲ. ಅಷ್ಟು ಸಾಕು.

ಇದನ್ನು ಕನ್ನಡದಲ್ಲಿ ಒಂದು ಪುಟದ ಅರ್ಜಿ ಮಾಡಿ ಬರೆದಿದ್ದೇನೆ. ಪಾಲಿಕೆಗೆ, ಟ್ರಾಫಿಕ್ ಪೊಲೀಸರಿಗೆ ಕೊಡ್ಲಿಕ್ಕೆ. ಸೋಮವಾರ ಮಧ್ಯಾಹ್ನ ಕ್ಯಾಂಟೀನ್ ಹತ್ತಿರ ಇರ್ತೇನೆ, ಸೈನ್ ಮಾಡುವವರು ಬನ್ನಿ. ಓದಿ ಸೈನ್ ಮಾಡಿ, ಒಪ್ಪದಿದ್ದರೆ ಜಗಳ ಮಾಡಿ. ಕಾರಿನಲ್ಲಿ ಬರುವವರೂ ಬನ್ನಿ. ನಿಮ್ಮ ಅಪ್ಪನ ಕಾರಿನ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಕೊಟ್ಟ ಜಾಗದ ಮೇಲೆ ಸಿಟ್ಟು. ಕಾರಿನಿಂದ ಇಳಿದ ಮೇಲೆ ನೀವೂ ನಡೆಯುವವರೇ.

ಅಪ್ಪ ಈ ಸರಣಿಯನ್ನು ಪೋಸ್ಟ್ ಮಾಡುವ ಮೊದಲು ಓದಿದ್ರು. ಒಂದೇ ಮಾತು ಹೇಳಿದ್ರು: "ಬಸ್ಸಿನವರ ತಪ್ಪೂ ಉಂಟು ಅಂತ ಬರ್ದದ್ದು ಒಳ್ಳೆದಾಯ್ತು." ಮತ್ತೆ ಡ್ಯೂಟಿಗೆ ಹೋದ್ರು.

ಅಜ್ಜಿ ಊರಿಗೆ ವಾಪಸ್ ಹೋಗಿದ್ದಾರೆ. ಫೋನಿನಲ್ಲಿ ಕೇಳಿದೆ, "ಇನ್ನೊಮ್ಮೆ ಬರ್ತೀರಾ ಅಜ್ಜಿ, ಕಡಲಿಗೆ?" ಅಡಿಕೆ ಸೀಸನ್ ಮುಗಿಯಲಿ ಅಂದ್ರು. ಅಂದ್ರೆ ನಮಗೆ ಸ್ವಲ್ಪ ತಿಂಗಳು ಸಮಯ ಉಂಟು.

#ಕಡಲುಎಲ್ಲರದ್ದು #ಅಜ್ಜಿಗೊಂದುಫುಟ್‌ಪಾತ್ #ಬಸ್ಸಿಗೆದಾರಿಬಿಡಿ #ನಮ್ಮಕುಡ್ಲ #ಮಂಗಳೂರು